ಗ್ರೇಟ್ ಡಿಕ್ಸ್ಟರ್ ನೋಡಬೇಕೇ, ಸ್ಟ್ಯಾಂಡನ್ ನೋಡಬೇಕೇ?

ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ ಒಂದೇ ದಿನದ ಬಿಡುವಿದ್ದು, ಯಂತ್ರದ ತಯಾರಿಕೆಗಿಂತ ಕೈಕಸುಬಿಗೆ ಬೆಲೆಕೊಟ್ಟ ಆರ್ಟ್ಸ್ ಆಂಡ್ ಕ್ರಾಫ್ಟ್ಸ್ ಶೈಲಿ ಹಳೆಯ ಮನೆಯನ್ನು ಹೇಗೆ ನಡೆಸಿಕೊಂಡಿತೆಂಬುದನ್ನು ತಿಳಿಯಬಯಸುವವರು ಈ ಎರಡು ಮನೆಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ.

ಗ್ರೇಟ್ ಡಿಕ್ಸ್ಟರ್ 15ನೆಯ ಶತಮಾನದ ಮರದ ಚೌಕಟ್ಟಿನ ಮನೆ. 1910ರಲ್ಲಿ ಇದನ್ನು ಕೊಂಡ ನಥಾನಿಯಲ್ ಲಾಯ್ಡ್, ವಾಸ್ತುಶಿಲ್ಪಿ ಎಡ್ವಿನ್ ಲುಟಿಯನ್ಸ್ ಅವರನ್ನು ಕರೆಸಿದರು. ನಮ್ಮ ದೆಹಲಿಯ ರಾಷ್ಟ್ರಪತಿ ಭವನವನ್ನು ಮುಂದೆ ವಿನ್ಯಾಸಗೊಳಿಸಿದವರು ಇವರೇ. ದೊಡ್ಡ ಹಜಾರದ ನಡುವೆ ನಂತರದ ಕಾಲದಲ್ಲಿ ಹಾಕಿದ್ದ ಅಟ್ಟಗಳನ್ನು ಅವರು ಕೀಳಿಸಿದ್ದರಿಂದ, ಇಂದು ನೆಲದಲ್ಲಿ ನಿಂತು ತಲೆಯೆತ್ತಿದರೆ ಓಕ್ ತೊಲೆಗಳು ಮಾಡಿನವರೆಗೂ ಕಾಣುತ್ತವೆ. ಕೆಂಟ್‌ನ ಬೆನೆಂಡನ್‌ನಲ್ಲಿ ಕೆಡವಲಿದ್ದ ಮತ್ತೊಂದು ಹಳೆಯ ಮನೆಯನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿ, ಎರಡರ ನಡುವೆ ಇಟ್ಟಿಗೆ, ಹೆಂಚುಗಳ ಹೊಸ ಭಾಗವನ್ನು ಕಟ್ಟಲಾಯಿತು. ಒಂದು ಪಕ್ಕಕ್ಕೆ ವಾಲಿರುವ ಹಳೆಯ ಮುಖಮಂಟಪವನ್ನು ನೆಟ್ಟಗೆ ಮಾಡದೆ ಬಿಟ್ಟಿರುವುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಸ್ಟ್ಯಾಂಡನ್ ಬಹುಮಟ್ಟಿಗೆ ಹೊಸ ಮನೆಯೇ. ಲಂಡನ್ನಿನ ವಕೀಲ ಜೇಮ್ಸ್ ಬೀಲ್ ಅವರಿಗಾಗಿ 1890ರ ದಶಕದಲ್ಲಿ ಇದನ್ನು ಕಟ್ಟಿದ ವಾಸ್ತುಶಿಲ್ಪಿ ಫಿಲಿಪ್ ವೆಬ್, ಅಲ್ಲಿದ್ದ ಹಳೆಯ ತೋಟದ ಮನೆಯನ್ನು ಕೆಡವದೆ ಹೊಸದಕ್ಕೆ ಜೋಡಿಸಿದರು. ಒಳಾಂಗಣದ ಸೊಗಸು ಇಲ್ಲಿಯೇ ಹೆಚ್ಚು: ಈ ಶೈಲಿಯ ಪ್ರಮುಖ ವಿನ್ಯಾಸಕಾರ ವಿಲಿಯಂ ಮಾರಿಸ್ ಅವರ ಗೋಡೆಕಾಗದಗಳು, ಮೊದಲಿನಿಂದಲೇ ಇದ್ದ ವಿದ್ಯುದ್ದೀಪಗಳು, ದೀಪದ ಹಿಂದೆ ಬೆಳಕನ್ನು ಮೃದುವಾಗಿ ಮರಳಿಸುವ ಉಬ್ಬುಕೆತ್ತನೆಯ ತಾಮ್ರದ ತಗಡುಗಳು.

ಬಟ್ಟೆ, ಕಾಗದ, ದೀಪಗಳ ಕುಸುರಿಯಲ್ಲಿ ಆಸಕ್ತಿಯುಳ್ಳವರಿಗೆ ಸ್ಟ್ಯಾಂಡನ್ ಸರಿ. ಹಳೆಯ ಮನೆಯ ಮರುರೂಪವನ್ನೇ ಅರಿಯಬೇಕೆಂದಿದ್ದರೆ ಡಿಕ್ಸ್ಟರ್‌ಗೇ ಹೋಗಬೇಕು.