ರಿಜೆಕ್ಟ್ ಪೆಟ್ಟಿಗೆ ನೋಡದೆ ಕೆಟ್ಟೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಸಣ್ಣ ಮಿಲ್ಲು, ಕಾರ್ಖಾನೆ ನಡೆಸುವವರು ದಯವಿಟ್ಟು ಓದಿ. ರೆಸ್ಯೂಮ್ ಸೋಸಿ ಕೊಡುವ ಸಾಫ್ಟ್‌ವೇರ್ ಇದೆ, ಬರೀ ತಕ್ಕ ಜನರನ್ನೇ ತೋರಿಸುತ್ತದೆ ಅಂತ ಯಾರಾದರೂ ಬಂದರೆ ಕೂಡಲೇ ದುಡ್ಡು ಕಟ್ಟಬೇಡಿ. ನಾನು ಮೂರು ತಿಂಗಳಿಗೆ 24,000 ರೂಪಾಯಿ ಕಟ್ಟಿದೆ.

ಕಪನೂರ ಕೈಗಾರಿಕಾ ಪ್ರದೇಶದ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವುದರಿಂದ ಹಿಡಿದು ಕೆಲಸಗಾರರನ್ನು ಹುಡುಕುವವರೆಗೆ ಎಲ್ಲ ನನ್ನ ತಲೆ ಮೇಲೆ. ಹೊಸ ತೊಗರಿ ಬರುವ ಹೊತ್ತಿಗೇ ಕಲರ್ ಸಾರ್ಟರ್ ನೋಡುತ್ತಿದ್ದ ಹುಡುಗ ಪುಣೆಗೆ ಹೋದ. ಈ ಯಂತ್ರ ಕ್ಯಾಮೆರಾದಲ್ಲಿ ಬೇಳೆ ನೋಡಿ, ಬಣ್ಣಗೆಟ್ಟದ್ದನ್ನು ಗಾಳಿ ಊದಿ ಹೊರಗೆ ತಳ್ಳುತ್ತದೆ. ಸೆಟ್ಟಿಂಗ್ ಜಾಸ್ತಿ ಬಿಗಿಯಾದರೆ ಒಳ್ಳೆ ಬೇಳೆಯೂ ರಿಜೆಕ್ಟ್ ಪೆಟ್ಟಿಗೆಗೆ ಬೀಳುತ್ತದೆ. ಅದಕ್ಕೇ ನಾವು ಗಂಟೆಗೊಮ್ಮೆ ಆ ಪೆಟ್ಟಿಗೆಗೆ ಕೈ ಹಾಕಿ ನೋಡುತ್ತೇವೆ. ರೆಸ್ಯೂಮಿಗೂ ಹಾಗೇ ನೋಡಬೇಕು ಅಂತ ಮಾತ್ರ ನನಗೆ ಹೊಳೆಯಲಿಲ್ಲ.

ಒಟ್ಟು 212 ರೆಸ್ಯೂಮ್ ಬಂದವು. ಸಾಫ್ಟ್‌ವೇರ್ 9 ಆರಿಸಿತು. ಮೂವರು ಹೈದರಾಬಾದ್ ಬಿಟ್ಟು ಬರಲ್ಲ ಅಂದರು, ಇಬ್ಬರ ಫೋನೇ ಹತ್ತಲಿಲ್ಲ. ಉಳಿದವರಲ್ಲಿ ಒಬ್ಬನ ರೆಸ್ಯೂಮಿನಲ್ಲಿ ನಾವು ಕೇಳಿದ ಪದ ಎಲ್ಲಾ ಇದ್ದವು. ತೆಗೆದುಕೊಂಡೆವು. ನಾಲ್ಕನೇ ದಿನ ಸಂಜೆ ನೋಡಿದರೆ ಆರು ಕ್ವಿಂಟಲ್ ಒಳ್ಳೆ ಬೇಳೆ ರಿಜೆಕ್ಟಿನಲ್ಲಿ ಬಿದ್ದಿತ್ತು. ಪದಗಳನ್ನು ಜಾಹೀರಾತಿನಿಂದಲೇ ಎತ್ತಿಕೊಂಡಿದ್ದ, ಪುಣ್ಯಾತ್ಮ.

ಆಮೇಲೊಂದು ದಿನ ಬಿಡಿಭಾಗ ಕೇಳಲು ನಂದೂರಿನ ಮಿಲ್ಲಿಗೆ ಹೋಗಿದ್ದೆ. ಅಲ್ಲಿ ಸಾರ್ಟರ್ ನಡೆಸುತ್ತಿದ್ದವನು ಶಹಾಬಾದಿನ ಐಟಿಐ ಎಲೆಕ್ಟ್ರಿಷಿಯನ್, ಐದು ವರ್ಷ ಇದೇ ಕೆಲಸ ಮಾಡಿದವನು. “ನಿಮ್ಮಲ್ಲೂ ಅರ್ಜಿ ಹಾಕಿದ್ನಲ್ರೀ ಸರ್, ಫೋನೇ ಬರ್ಲಿಲ್ಲ” ಅಂದ.

ಆ ರಾತ್ರಿ ಕೂತು ಬಿಸಾಡಿದ 203 ರೆಸ್ಯೂಮನ್ನೂ ತೆಗೆದೆ. ಅವನದೂ ಇತ್ತು. ತಪ್ಪು ಏನು ಗೊತ್ತಾ? ಊರಿನ ಹೆಸರು! ಫಿಲ್ಟರಿನಲ್ಲಿ ‘ಕಲಬುರಗಿ’ ಅಂತ ಇತ್ತು, ಅವನು ‘ಗುಲ್ಬರ್ಗಾ’ ಅಂತ ಬರೆದಿದ್ದ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅದಕ್ಕೂ ಹಿಂದಿನ ಅಂಕಪಟ್ಟಿಗಳಲ್ಲೆಲ್ಲ ಹಳೇ ಹೆಸರೇ. ವಿಶ್ವವಿದ್ಯಾಲಯದ ಹೆಸರೂ ಗುಲ್ಬರ್ಗಾ ಅಂತಲೇ ಇದೆ. ಕಲಬುರಗಿ ಅಂತ ಬರೆದವರೂ ಇಂಗ್ಲಿಷಿನಲ್ಲಿ ಒಂದೊಂದು ಅಕ್ಷರ ಹಿಂದೆಮುಂದೆ ಮಾಡಿದ್ದರು. ಐಟಿಐ ನಡುವೆ ಚುಕ್ಕಿ ಇಟ್ಟವರೂ ಹೊರಗೆ. ಇನ್ನು ಎಪ್ಪತ್ತಕ್ಕೂ ಜಾಸ್ತಿ ಮಂದಿ ಕಾಗದದ ರೆಸ್ಯೂಮಿನ ಫೋಟೋ ಹೊಡೆದು ಪಿಡಿಎಫ್ ಮಾಡಿ ಕಳಿಸಿದ್ದರು. ಈ ಸಾಫ್ಟ್‌ವೇರಿಗೆ ಫೋಟೋ ಓದಲು ಬರುವುದಿಲ್ಲ, ಅದರ ಲೆಕ್ಕದಲ್ಲಿ ಅವೆಲ್ಲ ಖಾಲಿ ಹಾಳೆ. ನಮ್ಮ ಕಡೆ ಕೈಕೆಲಸ ಬಲ್ಲವರು ಹೀಗೇ ಅಲ್ವಾ ಕಳಿಸುವುದು?

ಕಂಪನಿಗೆ ಫೋನ್ ಮಾಡಿದರೆ “ಕೀವರ್ಡ್ ನಿಮ್ಮದಲ್ವಾ ಸರ್” ಅಂದರು. ಮೊದಲ ದಿನ ಅವರ ಹುಡುಗನೇ ಕೂತು ತುಂಬಿದ್ದು. ನಾನು ಸುಮ್ನೆ ತಲೆ ಆಡಿಸಿದ್ದೆ, ಅದೂ ನಿಜ. ದುಡ್ಡು ವಾಪಸ್ ಇಲ್ಲ. ಅದರ ಬದಲು ಇನ್ನೂ 5,000 ಕೊಟ್ಟರೆ ರೆಡಿ ರೆಸ್ಯೂಮ್‌ಗಳ ಕಟ್ಟು ಕೊಡುತ್ತೇವೆ ಅಂದರು. ಬೇರೆ ಯಾವುದೋ ಕೆಲಸಕ್ಕೆ ಜನ ಕೊಟ್ಟ ವಿವರ ಅದು. ಅವರ ಒಪ್ಪಿಗೆ ಇಲ್ಲದೆ ಅಂಥದ್ದನ್ನು ಮಾರುವುದು ತಪ್ಪು. ಅದನ್ನು ಮುಟ್ಟಲಿಲ್ಲ.

ಈಗ ಐಟಿಐಗಳ ನೋಟಿಸ್ ಬೋರ್ಡಿಗೆ ಚೀಟಿ ಹಚ್ಚುತ್ತೇನೆ. ಕೇಂದ್ರ ಸರ್ಕಾರದ ಎನ್‌ಸಿಎಸ್ ಅನ್ನುವ ಉದ್ಯೋಗ ಪೋರ್ಟಲ್‌ನಲ್ಲೂ ಖಾಲಿ ಹುದ್ದೆ ಹಾಕುತ್ತೇನೆ, ಅಲ್ಲಿ ಮಾಲೀಕರಿಗೆ ಶುಲ್ಕ ಇಲ್ಲ. ನಿಮಗೆ ಸಾಫ್ಟ್‌ವೇರೇ ಬೇಕು ಅಂದರೆ, ಕೊಳ್ಳುವ ಮುಂಚೆ ನಿಮ್ಮಲ್ಲಿರುವ ಒಳ್ಳೆ ಕೆಲಸಗಾರನ ರೆಸ್ಯೂಮನ್ನೇ ಅದಕ್ಕೆ ಹಾಕಿ ನೋಡಿ. ನಾನು ಪುಣೆಗೆ ಹೋದ ಹುಡುಗನ ಹಳೇ ರೆಸ್ಯೂಮ್ ಹಾಕಿದೆ. ಅವನನ್ನೂ ಹೊರಗೆ ತಳ್ಳಿತು.