ಮೈಸೂರಲ್ಲಿ ಸೆಲ್ಫ್ ಡ್ರೈವ್ ಕಾರು: ಬಾಡಿಗೆ ಸರಿ, ಡೆಪಾಸಿಟ್ ಕಥೆಯೇ ಬೇರೆ

ಮೊದಲೇ ಹೇಳಿಬಿಡುತ್ತೇನೆ, ಕಾರು ಚೆನ್ನಾಗಿತ್ತು. ಪೆಟ್ರೋಲ್ ಸ್ವಿಫ್ಟ್. ಎಸಿ ತಣ್ಣಗಿತ್ತು, ಟೈರು ಸವೆದಿರಲಿಲ್ಲ, ಬ್ರೇಕು ಘಾಟಿಯಲ್ಲೂ ಕೈಕೊಡಲಿಲ್ಲ. ತಕರಾರಿರುವುದು ಕಾರು ವಾಪಸ್ ಕೊಟ್ಟ ಮೇಲೆ ಶುರುವಾಗುವ ಲೆಕ್ಕದ ಬಗ್ಗೆ. ಅಂಗಡಿ ಮೈಸೂರಿನದು. ಹೆಸರು ಹಾಕುತ್ತಿಲ್ಲ, ಈ ಚಾಳಿ ಒಂದೇ ಅಂಗಡಿಯದ್ದಲ್ಲ.

ನಾವು ಮಂಡ್ಯದವರು. ಮನೆಯವಳು, ಮಕ್ಕಳು, ಅತ್ತೆ ಎಲ್ಲ ಸೇರಿ ಗೋಪಾಲಸ್ವಾಮಿ ಬೆಟ್ಟ ನೋಡಿಕೊಂಡು ಊಟಿಗೆ ಹೋಗೋಣ ಅಂತ ಪ್ಲ್ಯಾನು. ಮಂಡ್ಯದಲ್ಲೇ ಕಾರು ಸಿಗಲ್ವಾ ಅಂದರೆ ಸಿಗುತ್ತದೆ, ಗೊತ್ತಿರುವವರ ವೈಟ್ ಬೋರ್ಡ್ ಗಾಡಿ. ರೇಟೂ ಕಡಿಮೆ. ಮೇಲಾಗಿ ಈಗ ಹೊಸ ಆಸೆ ಬೇರೆ ತೋರಿಸುತ್ತಾರೆ: ‘ನಮ್ದು ವರ್ಷದ ಫಾಸ್ಟ್ಯಾಗ್ ಪಾಸ್ ಇದೆ ಅಣ್ಣ, ಗಣಂಗೂರು ಟೋಲ್ ನಿಮಗೆ ಬೀಳಲ್ಲ’ ಅಂತ. 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಆ ಪಾಸು ಸ್ವಂತಕ್ಕೆ ಓಡಿಸುವ ಗಾಡಿಗಷ್ಟೇ. ಅದನ್ನೇ ಬಾಡಿಗೆಗೆ ಬಿಡುತ್ತೇನೆ ಅನ್ನುವಾಗಲೇ ಆಸಾಮಿ ಹೇಗೆ ಅಂತ ತಿಳಿಯುತ್ತದೆ ಅಲ್ವಾ? ಪಾಸು ಹಾಳಾಗಿ ಹೋಗಲಿ, ಇನ್ಶೂರೆನ್ಸ್ ವಿಷಯ ಅದಕ್ಕಿಂತ ದೊಡ್ಡದು. ಖಾಸಗಿ ಗಾಡಿಯ ಪಾಲಿಸಿ ಬಾಡಿಗೆಗೆ ಓಡಿಸಿದರೆ ನಡೆಯುವುದಿಲ್ಲ. ಏನಾದರೂ ಆದರೆ ಕಂಪನಿ ಕ್ಲೇಮ್ ಕೊಡುವುದಿಲ್ಲ, ರಿಪೇರಿ ದುಡ್ಡಿಗೆ ಗಾಡಿ ಓನರ್ ನಮ್ಮ ಮನೆ ಬಾಗಿಲಿಗೇ ಬರುತ್ತಾನೆ. ಸೆಲ್ಫ್ ಡ್ರೈವ್‌ಗೆ ಕಾನೂನು ಪ್ರಕಾರ ಇರುವುದು ಕಪ್ಪು ನಂಬರ್ ಪ್ಲೇಟ್, ಅದರ ಮೇಲೆ ಹಳದಿ ಅಕ್ಷರ. ಅದಕ್ಕೇ ಮೈಸೂರಿಗೆ ಹೋದೆವು.

ಕೌಂಟರಿನಲ್ಲಿ ಹೇಳಿದ ರೇಟು 24 ಗಂಟೆಗೆ 2,200, ದಿನಕ್ಕೆ 300 ಕಿಲೋಮೀಟರ್ ಮಿತಿ, ಅದರ ಮೇಲೆ ಕಿಲೋಮೀಟರಿಗೆ 9 ರೂಪಾಯಿ, ಡೆಪಾಸಿಟ್ 5,000. ಇದರಲ್ಲಿ ಮೋಸವೇನಿಲ್ಲ. ಆದರೆ ಜಿಎಸ್‌ಟಿ ಸೇರಿದೆಯಾ ಅಂತ ನಾನು ಕೇಳುವವರೆಗೆ ಅವರಾಗಿ ಬಾಯಿ ಬಿಡಲಿಲ್ಲ. ಸೇರಿರಲಿಲ್ಲ. ಲೇಟಾದರೆ ಗಂಟೆಗೆ ಎಷ್ಟು ಅನ್ನುವುದಕ್ಕೂ ‘ಅದೆಲ್ಲ ನೋಡ್ಕೊಳಣ ಸಾರ್’ ಅಂದರು. ಈ ‘ನೋಡ್ಕೊಳಣ’ ಇದೆಯಲ್ಲ, ಡೆಪಾಸಿಟ್ ಕರಗುವುದು ಅಲ್ಲೇ. ಅಗ್ರಿಮೆಂಟ್ ಹಾಳೆಯ ಮೇಲೆ ಬರೆಸಿಕೊಂಡೆ: ಗಂಟೆಗೆ 250. ಮುಖ ಗಂಟಿಕ್ಕಿದರು, ಆದರೂ ಬರೆದರು.

ಪೆಟ್ರೋಲ್ ಲೆಕ್ಕ ಇನ್ನೂ ತಮಾಷೆ. ರಿಸರ್ವ್‌ನಲ್ಲಿ ಗಾಡಿ ಕೊಡುತ್ತಾರೆ, ವಾಪಸ್ ತರುವಾಗ ಟ್ಯಾಂಕಲ್ಲಿ ಉಳಿದಿದ್ದು ಅವರದ್ದೇ. ಊಟಿಯಿಂದ ಬರುವವರು ಕಾಡು ದಾರಿಯಲ್ಲಿ ಖಾಲಿಯಾದರೆ ಏನು ಗತಿ ಅಂತ ಹೆದರಿ ಜಾಸ್ತಿಯೇ ಹಾಕಿಸಿರುತ್ತಾರೆ. ಹೀಗೆ ಉಳಿದ ಪೆಟ್ರೋಲಿನಿಂದಲೇ ಅಂಗಡಿಗೆ ತಿಂಗಳಿಗೆ ಒಳ್ಳೆ ಗಂಟು ಬೀಳುತ್ತಿರಬೇಕು. ತಗೊಳ್ಳುವಾಗ ಎಷ್ಟು ಕಡ್ಡಿ ಇತ್ತೋ ಅಷ್ಟೇ ಇಟ್ಟು ಕೊಡಿ ಅನ್ನುವ ಅಂಗಡಿಗಳೂ ಇವೆ. ಅಂಥದ್ದು ಸಿಕ್ಕರೆ ಬಾಡಿಗೆ ನೂರು ರೂಪಾಯಿ ಹೆಚ್ಚಾದರೂ ಪರವಾಗಿಲ್ಲ, ಅಲ್ಲಿಗೇ ಹೋಗಿ.

ಗಾಡಿ ಹೊರಡುವ ಮುಂಚೆ ಸುತ್ತಲೂ ವಿಡಿಯೋ ಮಾಡಿಕೊಂಡೆ. ಎಲ್ಲರೂ ಬಾಗಿಲು, ಬಾನೆಟ್ಟು ತೋರಿಸಿ ಮುಗಿಸುತ್ತಾರೆ. ಜಗಳ ಬರುವುದು ಬಂಪರಿನ ಕೆಳಗಿನ ಅಂಚು, ವೀಲ್ ಕ್ಯಾಪು, ಗಾಜಿನ ಮೇಲಿನ ಸಣ್ಣ ಚುಕ್ಕಿ, ಸ್ಟೆಪ್ನಿ, ಜಾಕು ಇವುಗಳಿಗೆ. ಫೋನನ್ನು ನೆಲದ ಹತ್ತಿರ ಹಿಡಿದು ಬಂಪರಿನ ಅಡಿಭಾಗವನ್ನೂ ತೆಗೆಯಿರಿ. ಮೀಟರ್ ಬೋರ್ಡಲ್ಲಿ ಕಿಲೋಮೀಟರ್ ಮತ್ತು ಪೆಟ್ರೋಲ್ ಕಡ್ಡಿ ಕಾಣಲಿ. ಆ ವಿಡಿಯೋವನ್ನು ಅಲ್ಲೇ ನಿಂತು ಅವರ ವಾಟ್ಸ್ಆ್ಯಪ್‌ಗೆ ಕಳಿಸಿಬಿಡಿ, ಸಮಯ ತಾನಾಗಿ ದಾಖಲಾಗುತ್ತದೆ. ಒರಿಜಿನಲ್ ಡಿಎಲ್ ಕೊಟ್ಟು ಹೋಗಿ ಅಂದರು, ಕೊಡಲಿಲ್ಲ. ಜೆರಾಕ್ಸ್ ಕೊಟ್ಟೆ, ಡಿಜಿಲಾಕರ್ ತೋರಿಸಿದೆ, ಒಪ್ಪಿಕೊಂಡರು. ಡೆಪಾಸಿಟ್ ಕ್ಯಾಶ್ ಕೇಳಿದರು. ಯುಪಿಐಯಲ್ಲೇ ಹಾಕಿದೆ, ‘ಡೆಪಾಸಿಟ್’ ಅಂತ ಒಂದು ಪದ ಸೇರಿಸಿ.

ಇನ್ನು ಊಟಿ ಕಡೆ ಹೋಗುವವರಿಗೆ ಬೇರೆಯದೇ ತಲೆನೋವು. ಊಟಿ ಇರುವ ನೀಲಗಿರಿ ಜಿಲ್ಲೆಗೆ ಗಾಡಿ ತಗೊಂಡು ಹೋಗಲು ಆನ್‌ಲೈನಲ್ಲಿ ಮಾಡಿಸುವ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಶುರುವಾಗಿದ್ದು. ದುಡ್ಡೇನಿಲ್ಲ, ಆದರೆ ಅದಕ್ಕೆ ಗಾಡಿ ನಂಬರ್ ಹಾಕಬೇಕು. ಬಾಡಿಗೆ ಅಂಗಡಿಯವರು ನಂಬರ್ ಹೇಳುವುದು ಬೀಗದ ಕೈ ಕೊಡುವಾಗ! ಹಿಂದಿನ ದಿನವೇ ಯಾವ ಗಾಡಿ ಅಂತ ಪಟ್ಟು ಹಿಡಿದು ಕೇಳಿ. ಕೊನೆ ಗಳಿಗೆಯಲ್ಲಿ ಬೇರೆ ಗಾಡಿ ಕೊಟ್ಟರೆ ಹೊಸ ನಂಬರಿಗೆ ಇನ್ನೊಂದು ಪಾಸ್ ಮಾಡಿಸಿಯೇ ಹೊರಡಿ. ಕಪ್ಪು ಬೋರ್ಡು ಬಾಡಿಗೆ ಗಾಡಿ ಆದ್ದರಿಂದ ಗಡಿಯಲ್ಲಿ ಪರ್ಮಿಟ್, ಟ್ಯಾಕ್ಸ್ ಅಂತ ಕೇಳಿದರೆ ಯಾರು ಕಟ್ಟಬೇಕು ಅನ್ನುವುದನ್ನೂ ಹಾಳೆಯ ಮೇಲೆ ಬರೆಸಿ.

300 ಕಿಲೋಮೀಟರ್ ಸಾಕು ಅಂತ ಮ್ಯಾಪ್ ನೋಡಿ ಲೆಕ್ಕ ಹಾಕಿದವರು ಸಿಕ್ಕಿಬೀಳುವುದು ವಾಪಸ್ ಬರುವಾಗ. ಹೋಗುವಾಗ ಮಸಿನಗುಡಿ ಮೇಲೆ ಕಲ್ಲಟ್ಟಿ ಘಾಟಿ ಹತ್ತಬಹುದು. ಇಳಿಯುವಾಗ ಹೊರಗಿನ ಗಾಡಿಗಳನ್ನು ಆ ಕಡೆ ಬಿಡುವುದಿಲ್ಲ, ಗೂಡಲೂರು ಸುತ್ತಿಯೇ ಬರಬೇಕು. ಅಲ್ಲಿಗೆ 30 ಕಿಲೋಮೀಟರ್ ಹೆಚ್ಚು. ಗೋಪಾಲಸ್ವಾಮಿ ಬೆಟ್ಟಕ್ಕೂ ಖಾಸಗಿ ಗಾಡಿ ಹತ್ತುವಂತಿಲ್ಲ, ಕೆಳಗೆ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿಗೆ ಕಾಯಬೇಕು. ಇದೆಲ್ಲದರ ಮೇಲೆ ಬಂಡೀಪುರದ ಗೇಟು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಸಂಜೆ ಊಟಿಯಲ್ಲಿ ಚಾಕೊಲೇಟು, ವರ್ಕಿ ಬಿಸ್ಕತ್ತು ಅಂತ ಅಂಗಡಿ ಸುತ್ತುತ್ತಾ ಕೂತರೆ ರಾತ್ರಿ ಆಚೆ ಕಡೆಯೇ ಉಳಿಯಬೇಕು, ರೂಮಿನ ಖರ್ಚು ಒಂದು, ಕಾರಿಗೆ ಇನ್ನೊಂದು ದಿನದ ಬಾಡಿಗೆ ಮತ್ತೊಂದು. ಅತ್ತೆಯವರನ್ನು ಬೊಟಾನಿಕಲ್ ಗಾರ್ಡನ್ನಿಂದ ಹೊರಡಿಸಿದ್ದು ಈ ಗೇಟಿನ ಹೆಸರು ಹೇಳಿಯೇ.

ಈಗ ಅಸಲಿ ವಿಷಯ. ಕಾರು ವಾಪಸ್ ಕೊಟ್ಟಾಗ ಹುಡುಗ ಸುತ್ತು ಹಾಕಿದ, ನೇರವಾಗಿ ಮುಂದಿನ ಬಂಪರಿನ ಕೆಳಗೆ ಬಗ್ಗಿದ. ‘ಸಾರ್, ಇಲ್ಲಿ ಸ್ಕ್ರ್ಯಾಚ್ ಆಗಿದೆ, 3,500 ಆಗುತ್ತೆ.’ ಅಷ್ಟು ದೊಡ್ಡ ಗಾಡಿಯಲ್ಲಿ ಮೊದಲು ಅಲ್ಲಿಗೇ ಬಗ್ಗಬೇಕು ಅಂತ ಅವನಿಗೆ ಹೇಗೆ ಗೊತ್ತಾಯಿತು? ವಿಡಿಯೋ ತೋರಿಸಿದೆ. ಒಳಗಿಂದ ಓನರ್ ಬಂದು ನೋಡಿ ‘ಆಯ್ತು ಬಿಡಿ’ ಅಂದರು. ಕ್ಷಮೆಯ ಮಾತಿರಲಿ, ಬೇಜಾರೂ ಇಲ್ಲ. ಆಮೇಲೆ ವಾಟರ್ ವಾಶ್ 500 ಅಂದರು. ಹಾಳೆಯಲ್ಲಿ ಇರಲಿಲ್ಲ. ಕೆಸರೇನೋ ಆಗಿತ್ತು ನಿಜ, ಚೌಕಾಸಿ ಮಾಡಿ 200 ಕೊಟ್ಟೆ.

ಉಳಿದ ಡೆಪಾಸಿಟ್? ‘ಚಲನ್ ಬರುತ್ತಾ ನೋಡಿ ಹದಿನೈದು ದಿನ ಬಿಟ್ಟು ಹಾಕ್ತೀವಿ.’ ಇದು ಪೂರ್ತಿ ಸುಳ್ಳು ನೆಪವೂ ಅಲ್ಲ. ಬೆಂಗಳೂರು–ಮೈಸೂರು ಹೈವೇಯಲ್ಲಿ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ನೋಟಿಸು ಹೋಗುವುದು ಓನರಿಗೆ. ಆದರೆ ನೋಟಿಸಿನಲ್ಲಿ ದಿನಾಂಕ, ಸಮಯ, ಜಾಗ ಎಲ್ಲ ಇರುತ್ತದೆ. ಕಾರು ತಗೊಂಡ ಸಮಯ ಮತ್ತು ಕೊಟ್ಟ ಸಮಯ ಎರಡೂ ಅಗ್ರಿಮೆಂಟಿನಲ್ಲಿದ್ದು ಅವರ ಸಹಿ ಇದ್ದರೆ ಬೇರೆ ಯಾರದೋ ದಂಡ ನಮ್ಮ ತಲೆಗೆ ಕಟ್ಟಲು ಆಗುವುದಿಲ್ಲ. ವಾಪಸ್ ಕೊಡುವಾಗ ಸಹಿ ಹಾಕಿಸಿಕೊಳ್ಳುವುದನ್ನು ಮಾತ್ರ ಯಾರೂ ಮಾಡುವುದಿಲ್ಲ, ಬೀಗದ ಕೈ ಟೇಬಲ್ ಮೇಲಿಟ್ಟು ಬಸ್ ಸ್ಟ್ಯಾಂಡಿಗೆ ಓಡುತ್ತಾರೆ. ಟೋಲ್ ಕೂಡ ಹಾಗೇ, ಅವರ ಫಾಸ್ಟ್ಯಾಗಿನಲ್ಲಿ ಕಟ್ ಆಗಿದ್ದಕ್ಕೆ ಮೆಸೇಜ್ ತೋರಿಸಿ ಅಂದರೆ ಒಟ್ಟು ಮೊತ್ತ ಇದ್ದಕ್ಕಿದ್ದಂತೆ ಕಡಿಮೆಯಾಗುತ್ತದೆ.

ದುಡ್ಡು ಬಂತು, ಹದಿನೈದು ದಿನ ಕಳೆದ ಮೇಲೂ ಫೋನ್ ಮಾಡಿ ಮಾಡಿ. ಟೋಲ್ ಲೆಕ್ಕ ಬಿಟ್ಟರೆ ಬೇರೆ ಏನೂ ಹಿಡಿದಿರಲಿಲ್ಲ. ಕಾರಿಗೆ ಐದಕ್ಕೆ ನಾಲ್ಕು, ಕೌಂಟರಿಗೆ ಎರಡು. ಮೈಸೂರು ಸುತ್ತಮುತ್ತ, ತಲಕಾಡು, ಮೇಲುಕೋಟೆಗೆ ಆದರೆ ಇಲ್ಲೇ ಮತ್ತೆ ತಗೊಳ್ಳುತ್ತೇನೆ. ಊಟಿಗೆ ಇನ್ನು ಡ್ರೈವರ್ ಇರುವ ಹಳದಿ ಬೋರ್ಡೇ ಸೈ. ಅಲ್ಲೂ ದಿನಕ್ಕೆ ಕನಿಷ್ಠ 250 ಕಿಲೋಮೀಟರ್, ಬಾಟಾ, ರಾತ್ರಿ 12 ದಾಟಿದರೆ ಇನ್ನೊಂದು ದಿನ ಅನ್ನುವ ಲೆಕ್ಕಗಳಿವೆ, ಕಿಲೋಮೀಟರ್ ಎಣಿಸುವುದು ನಮ್ಮ ಮನೆಯಿಂದಲೋ ಅವರ ಶೆಡ್ಡಿಂದಲೋ ಅಂತ ಮೊದಲೇ ಕೇಳಬೇಕು. ಆದರೆ ಬಂಪರಿನ ಕೆಳಗೆ ಯಾರೂ ಬಗ್ಗುವುದಿಲ್ಲ. ದಸರಾ ಹೊತ್ತಿಗೆ ಈ ಅಂಗಡಿಗೆ ಹೋಗುವವರು ಬೇರೆ ರೇಟ್ ಕಾರ್ಡ್ ಕೇಳಿ ನೋಡಿ. ಎರಡು ದಿನಕ್ಕಿಂತ ಕಡಿಮೆಗೆ ಕೊಡುವುದಿಲ್ಲವಂತೆ, ಬುಕಿಂಗ್ ಕ್ಯಾನ್ಸಲ್ ಮಾಡಿದರೆ ಅಡ್ವಾನ್ಸೂ ವಾಪಸ್ ಇಲ್ಲ.