ಅಳಿಸಿ ಮತ್ತೆ ಸೇರಿಸಿದ ನೋಡ್: ಸ್ವಾರ್ಮ್, ಕ್ಯೂಬ್‌ಅಡ್ಮ್, ಕೆ3ಎಸ್

ಮನೆಯಲ್ಲಿ ಮೂರು ಹಳೆಯ ಡೆಸ್ಕ್‌ಟಾಪ್‌ಗಳಿವೆ, ಮೂರರಲ್ಲೂ ಉಬುಂಟು. ಹಲವು ಯಂತ್ರಗಳನ್ನು ಒಂದೇ ಗುಂಪಾಗಿ ಕಟ್ಟಿ, ಅವುಗಳಲ್ಲಿ ಕಂಟೈನರ್‌ಗಳನ್ನು (ಬೇಕಾದ್ದೆಲ್ಲ ಜೊತೆಗೇ ಕಟ್ಟಿಕೊಂಡ ಅಪ್ಲಿಕೇಶನ್‌ಗಳನ್ನು) ಓಡಿಸಲು ಬಳಸುವ ಡಾಕರ್ ಸ್ವಾರ್ಮ್, ಕ್ಯೂಬ್‌ಅಡ್ಮ್ (ಕುಬರ್ನೆಟೀಸ್ ಕಟ್ಟಿಕೊಡುವ ಸಾಧನ), ಕೆ3ಎಸ್ (ಕುಬರ್ನೆಟೀಸ್‌ನ ಹಗುರ ರೂಪ) ಮೂರನ್ನೂ ಒಂದಾದ ಮೇಲೊಂದು ಹಾಕಿ ನೋಡಿದೆ. ಹೊಸ ನೋಡ್ (ಗುಂಪಿನ ಒಂದು ಯಂತ್ರ) ಸೇರಿಸಲು ಎಲ್ಲದರಲ್ಲೂ ಒಂದು ಸಾಲಿನ ಆದೇಶ, ಒಂದು ಟೋಕನ್ (ಒಳಗೆ ಬಿಡುವ ಗುಪ್ತ ಸಂಕೇತ) ಸಾಕು. ಅಷ್ಟಕ್ಕೇ ನಿಲ್ಲಿಸಿದ್ದರೆ ಹೋಲಿಸಲು ಹೆಚ್ಚೇನೂ ಇರುತ್ತಿರಲಿಲ್ಲ. ಹಾಗಾಗಿ ಪ್ರತಿ ಸಲವೂ ಮೂರನೆಯ ಯಂತ್ರದ ಡಿಸ್ಕ್ ಅಳಿಸಿ, ಉಬುಂಟು ಹೊಸದಾಗಿ ಹಾಕಿ, ಅದೇ ಹೆಸರಿನಲ್ಲಿ ಮತ್ತೆ ಸೇರಿಸಿದೆ.

ಸ್ವಾರ್ಮ್ ಮರುಮಾತಿಲ್ಲದೆ ಒಳಗೆ ಬಿಟ್ಟುಕೊಂಡಿತು. ಹಳೆಯ ಟೋಕನ್ನೇ ನಡೆಯಿತು. ನಾವಾಗಿ ಬದಲಿಸುವವರೆಗೆ ಅದಕ್ಕೆ ಗಡುವಿಲ್ಲ. ಆದರೆ ನೋಡ್‌ಗಳ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಕಡೆ: ಒಂದರ ಮುಂದೆ 'ಡೌನ್', ಇನ್ನೊಂದರ ಮುಂದೆ 'ರೆಡಿ'. ಸ್ವಾರ್ಮ್ ಗುರುತಿಸುವುದು ಐಡಿಯನ್ನು, ಹೆಸರನ್ನಲ್ಲ. ನಾನು ಹಚ್ಚಿದ್ದ ಲೇಬಲ್ ಸತ್ತ ಐಡಿಗೇ ಅಂಟಿಕೊಂಡಿತ್ತು. ಆ ಲೇಬಲ್ ಇರುವ ನೋಡ್‌ನಲ್ಲಷ್ಟೇ ಓಡಬೇಕಾದ ಡೇಟಾಬೇಸ್ 'ಪೆಂಡಿಂಗ್' ಎಂದು ಕುಳಿತುಬಿಟ್ಟಿತು. ಅರ್ಧ ಗಂಟೆ ಪಾಪದ ಫೈರ್‌ವಾಲನ್ನು ಬೈದೆ.

ಕ್ಯೂಬ್‌ಅಡ್ಮ್‌ನ ಟೋಕನ್ 24 ಗಂಟೆಗೆ ಸಾಯುತ್ತದೆ. ಹೊಸದನ್ನು ಮಾಡಿಸಿದರೆ ಪೂರ್ತಿ ಆದೇಶವನ್ನೇ ಬರೆದುಕೊಡುತ್ತದೆ, ಅದು ದೊಡ್ಡದಲ್ಲ. ಬೆವರು ಇಳಿಸುವುದು ಅದಕ್ಕೂ ಮುಂಚಿನ ಕೆಲಸ: ಕಂಟೈನರ್ ಓಡಿಸುವ ಕಂಟೈನರ್‌ಡಿ, ನೋಡನ್ನು ನೋಡಿಕೊಳ್ಳುವ ಕ್ಯೂಬ್ಲೆಟ್ ಎಲ್ಲವನ್ನೂ ನಾವೇ ಹಾಕಬೇಕು, ಡಿಸ್ಕನ್ನು ಮೆಮೊರಿಯಂತೆ ಬಳಸುವ ಸ್ವಾಪ್ ನಿಲ್ಲಿಸಬೇಕು. ನಾನು ನಿಲ್ಲಿಸಿದೆ, ನೋಡ್ ಸೇರಿತು, 'ರೆಡಿ' ಎಂದಿತು. ರಾತ್ರಿ ಕರೆಂಟ್ ಹೋಗಿ ಬಂತು. ಬೆಳಗ್ಗೆ ನೋಡಿದರೆ 'ನಾಟ್ ರೆಡಿ'. ಯಂತ್ರ ಶುರುವಾಗುವಾಗ ಓದುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಸ್ವಾಪ್‌ನ ಸಾಲು ಹಾಗೆಯೇ ಇತ್ತು, ಸ್ವಾಪ್ ಮತ್ತೆ ಶುರುವಾಗಿತ್ತು, ಅದನ್ನು ಕಂಡ ಕ್ಯೂಬ್ಲೆಟ್ ಏಳಲೇ ಇಲ್ಲ.

ಕೆ3ಎಸ್‌ನಲ್ಲಿ ಇದೆಲ್ಲ ಒಂದೇ ಕಡತದೊಳಗೆ ಬರುತ್ತದೆ. ಹಾಗಿದ್ದೂ ನನ್ನನ್ನು ಬಾಗಿಲಲ್ಲೇ ತಡೆದದ್ದು ಅದೊಂದೇ. ಮೊದಲ ಸಲ ಸೇರುವಾಗ ಪ್ರತಿ ನೋಡ್ ತನ್ನದೇ ಒಂದು ಪಾಸ್‌ವರ್ಡ್ ಹುಟ್ಟಿಸಿಕೊಳ್ಳುತ್ತದೆ, ಗುಂಪನ್ನು ನಡೆಸುವ ಸರ್ವರ್ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಅಳಿಸಿದ ಯಂತ್ರ ಹೊಸ ಪಾಸ್‌ವರ್ಡ್ ಹಿಡಿದು ಹಳೆಯ ಹೆಸರು ಹೇಳಿತು, ಸರ್ವರ್ ಒಪ್ಪಲಿಲ್ಲ. ಮೊದಲು ಸಿಟ್ಟು ಬಂತು. ಹಳೆಯ ನೋಡನ್ನು ಪಟ್ಟಿಯಿಂದ ತೆಗೆದೆ, ಅದರೊಂದಿಗೆ ಆ ಪಾಸ್‌ವರ್ಡೂ ಹೋಯಿತು, ಯಂತ್ರ ಸೇರಿಕೊಂಡಿತು. ಹೆಸರು ಕದ್ದು ಒಳಗೆ ಬರಲು ಬಿಡದ ಈ ಕಾವಲುಗಾರ ಈಗ ನನಗೆ ಇಷ್ಟ. ಟೋಕನ್‌ಗೆ ತಾನಾಗಿ ಗಡುವಿಲ್ಲ ಎಂಬುದೊಂದೇ ತಕರಾರು.

ಮನೆಯ ಯಂತ್ರಗಳಲ್ಲಿ ಕೆ3ಎಸ್ ಉಳಿದಿದೆ. ಹತ್ತು ಜನ ಸರ್ವರ್ ಮುಟ್ಟುವ ಕಚೇರಿಯಾಗಿದ್ದರೆ, ಸ್ವಾಪ್‌ನ ಆ ಸಾಲನ್ನು ನೆನಪಿಟ್ಟುಕೊಂಡು, ಕ್ಯೂಬ್‌ಅಡ್ಮ್‌ನ 24 ಗಂಟೆಯ ಟೋಕನ್ನನ್ನೇ ಆರಿಸಿಕೊಳ್ಳುತ್ತಿದ್ದೆ.